ಪಿಕ್ಸೆಲ್‌ನಿಂದ ನೆಲಕ್ಕೆ: ಫೋಟೋಗ್ರಾಮೆಟ್ರಿಯ ಲೆಕ್ಕವನ್ನು ಕೈಯಲ್ಲೇ ಹಾಕಿ ನೋಡೋಣ

2020ರ ಏಪ್ರಿಲ್ 24ರಂದು ಸ್ವಾಮಿತ್ವ ಯೋಜನೆ ಶುರುವಾಯಿತು. ಆಮೇಲೆ ಡ್ರೋನ್ ಸರ್ವೆ ಹಳ್ಳಿಯವರಿಗೂ ಗೊತ್ತಿರುವ ಮಾತಾಯಿತು. ಗ್ರಾಮಠಾಣಾದ ಮೇಲೆ ಡ್ರೋನ್ ಹಾರಿ ಫೋಟೋ ತೆಗೆಯುತ್ತದೆ. ಆ ಫೋಟೋಗಳಿಂದ ನಕ್ಷೆ, ನಕ್ಷೆಯಿಂದ ಆಸ್ತಿ ಕಾರ್ಡ್. ನಡುವೆ ಒಂದು ಲೆಕ್ಕ ಇದೆ, ಅದೇ ಫೋಟೋಗ್ರಾಮೆಟ್ರಿ: ಫೋಟೋದಲ್ಲಿ ಇಷ್ಟನೇ ಸಾಲು, ಇಷ್ಟನೇ ಕಾಲಂನಲ್ಲಿ ಕಾಣುವ ಗೋಡೆಯ ಮೂಲೆ ನೆಲದ ಮೇಲೆ ನಿಜವಾಗಿ ಎಲ್ಲಿದೆ? ಸಾಫ್ಟ್‌ವೇರ್ ಇದನ್ನು ತಾನೇ ಮಾಡಿಬಿಡುತ್ತದೆ. ಆದರೆ ಒಳಗೆ ಏನು ನಡೆಯುತ್ತದೆ ಅಂತ ಗೊತ್ತಿಲ್ಲದಿದ್ದರೆ, ತಪ್ಪು ಉತ್ತರ ಬಂದಾಗ ಅದು ತಪ್ಪು ಅಂತಲೇ ಗೊತ್ತಾಗುವುದಿಲ್ಲ.

ಈ ಲೇಖನ ಸಿವಿಲ್ ಅಥವಾ ಜಿಯೋಮ್ಯಾಟಿಕ್ಸ್ ಓದುತ್ತಿರುವವರಿಗೆ, ಡ್ರೋನ್ ಸರ್ವೆಗೆ ಹೊಸದಾಗಿ ಇಳಿದವರಿಗೆ. ಪಿಯುಸಿ ಮಟ್ಟದ ತ್ರಿಕೋನಮಿತಿ ಸಾಕು. ಪಕ್ಕದಲ್ಲಿ ಒಂದು ಕ್ಯಾಲ್ಕುಲೇಟರ್ ಇಟ್ಟುಕೊಳ್ಳಿ. ಓದುವಾಗ ಒಂದು ಪ್ರಶ್ನೆ ತಲೆಯಲ್ಲಿ ಇರಲಿ: ಈ ಬಿಂದುವಿನ ಎತ್ತರ ಎಲ್ಲಿಂದ ಬಂತು? ಫೋಟೋ ಚಪ್ಪಟೆ, ನೆಲ ಚಪ್ಪಟೆಯಲ್ಲ. ಯಾವ ಮಾದರಿ (ಪಿಕ್ಸೆಲ್‌ನಿಂದ ನೆಲಕ್ಕೆ ಹೋಗುವ ಸೂತ್ರ) ಬಳಸಿದರೂ ಎತ್ತರವನ್ನು ಎಲ್ಲಿಂದಲಾದರೂ ತರಲೇಬೇಕು. ಯಾವ ಮಾದರಿ ಎಲ್ಲಿಂದ ತರುತ್ತದೆ ಅನ್ನುವುದರಲ್ಲೇ ಅವುಗಳ ನಡುವಿನ ವ್ಯತ್ಯಾಸ ಇರುವುದು.

ಹೆಜ್ಜೆ 1: ಪಿಕ್ಸೆಲ್ ಅನ್ನು ಮಿಲಿಮೀಟರ್ ಮಾಡಿ

ಉದಾಹರಣೆಗೆ ಡಿಜೆಐ ಫ್ಯಾಂಟಮ್ 4 ಪ್ರೊ ಡ್ರೋನಿನ ಕ್ಯಾಮೆರಾ ತೆಗೆದುಕೊಳ್ಳೋಣ. ಸೆನ್ಸರ್ 13.2 × 8.8 ಮಿಲಿಮೀಟರ್. ಫೋಟೋ 5472 × 3648 ಪಿಕ್ಸೆಲ್. ಫೋಕಲ್ ಲೆಂಗ್ತ್, ಅಂದರೆ ಲೆನ್ಸಿನಿಂದ ಸೆನ್ಸರಿಗೆ ಇರುವ ದೂರ, 8.8 ಮಿಲಿಮೀಟರ್.

13.2 ಅನ್ನು 5472ರಿಂದ ಭಾಗಿಸಿ. ಒಂದು ಪಿಕ್ಸೆಲ್ 0.002412 ಮಿಲಿಮೀಟರ್, ಅಂದರೆ ಸುಮಾರು 2.4 ಮೈಕ್ರಾನ್.

ಇಲ್ಲಿ ಒಂದು ಎಚ್ಚರಿಕೆ. ಫೋಟೋ ಫೈಲಿನ ಮಾಹಿತಿಯಲ್ಲಿ ಫೋಕಲ್ ಲೆಂಗ್ತ್ ಎರಡು ಕಡೆ ಇರುತ್ತದೆ. ಒಂದು 8.8, ಇನ್ನೊಂದು 24. ಈ 24 ಹಳೆಯ 35 ಮಿಲಿಮೀಟರ್ ಫಿಲ್ಮ್ ಕ್ಯಾಮೆರಾಕ್ಕೆ ಹೋಲಿಸಿ ಹೇಳುವ ಸಂಖ್ಯೆ. ಅದನ್ನು ಲೆಕ್ಕಕ್ಕೆ ಹಾಕಿದರೆ ಎಲ್ಲ ಅಳತೆಯೂ ಸುಮಾರು ಎರಡೂ ಮುಕ್ಕಾಲು ಪಟ್ಟು ತಪ್ಪುತ್ತದೆ.

ಈಗ ಮೂಲಬಿಂದು. ಪಿಕ್ಸೆಲ್ ಎಣಿಕೆ ಫೋಟೋದ ಎಡ ಮೇಲ್ತುದಿಯಿಂದ ಶುರುವಾಗಿ ಕೆಳಗೆ ಹೋಗುತ್ತದೆ. ನಮಗೆ ಬೇಕಾದದ್ದು ಫೋಟೋದ ನಡುವಿನಿಂದ ಅಳೆದ ದೂರ, ಮೇಲ್ಮುಖವಾಗಿ ಧನ ಚಿಹ್ನೆ. ನಮ್ಮ ಬಿಂದು ಕಾಲಂ 3736, ಸಾಲು 1324ರಲ್ಲಿ ಇದೆ ಅಂದುಕೊಳ್ಳಿ. ನಡುಬಿಂದು ಕಾಲಂ 2736, ಸಾಲು 1824.

ಅಡ್ಡ ದೂರ = (3736 − 2736) × 0.002412 = 2.412 ಮಿಮೀ
ಉದ್ದ ದೂರ = (1824 − 1324) × 0.002412 = 1.206 ಮಿಮೀ

ಎರಡನೇ ಸಾಲಿನಲ್ಲಿ ಕಳೆಯುವ ಕ್ರಮ ತಿರುಗಿದೆ, ಗಮನಿಸಿ. ಇದನ್ನು ಮರೆತರೆ ನಕ್ಷೆ ಕನ್ನಡಿಯಲ್ಲಿ ನೋಡಿದ ಹಾಗೆ ತಲೆಕೆಳಗಾಗುತ್ತದೆ.

ನಿಜವಾದ ಲೆನ್ಸಿನ ಅಕ್ಷ ಸೆನ್ಸರಿನ ಸರಿಯಾದ ನಡುವೆ ಬೀಳುವುದಿಲ್ಲ, ಕೆಲವು ಪಿಕ್ಸೆಲ್ ಆಚೀಚೆ ಇರುತ್ತದೆ. ಆ ಜಾಗವನ್ನು ಪ್ರಿನ್ಸಿಪಲ್ ಪಾಯಿಂಟ್ ಅನ್ನುತ್ತಾರೆ. ಜೊತೆಗೆ ಲೆನ್ಸು ಗೆರೆಗಳನ್ನು ಸ್ವಲ್ಪ ಬಗ್ಗಿಸುತ್ತದೆ. ನಡುವೆ ಕಡಿಮೆ, ಮೂಲೆಗಳಲ್ಲಿ ಜಾಸ್ತಿ. ನಡುವಿನಿಂದ ಇರುವ ದೂರದ 3, 5, 7ನೇ ಘಾತಗಳನ್ನು ಒಂದೊಂದು ಗುಣಾಂಕದಿಂದ ಗುಣಿಸಿ ಕೂಡಿಸಿ ಈ ಬಾಗನ್ನು ತಿದ್ದುತ್ತಾರೆ. ಡ್ವೇನ್ ಬ್ರೌನ್ 1960ರ ದಶಕದಲ್ಲಿ ಬೆಳೆಸಿದ ಈ ತಿದ್ದುಪಡಿಯ ಕ್ರಮವೇ ಇವತ್ತಿಗೂ ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿದೆ. ಫೋಕಲ್ ಲೆಂಗ್ತ್, ಪ್ರಿನ್ಸಿಪಲ್ ಪಾಯಿಂಟ್, ಲೆನ್ಸಿನ ಬಾಗು ಇವೆಲ್ಲ ಸೇರಿ ಇಂಟೀರಿಯರ್ ಓರಿಯೆಂಟೇಶನ್. ಇದು ಕ್ಯಾಮೆರಾದ ಒಳಗಿನ ವಿಷಯ. ಕ್ಯಾಮೆರಾ ಎಲ್ಲಿ ಹಾರುತ್ತಿತ್ತು ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಹೆಜ್ಜೆ 2: ನೇರ ಕೆಳಗೆ ನೋಡುವ ಫೋಟೋದಿಂದ ಶುರು ಮಾಡಿ

ಕ್ಯಾಮೆರಾ ನೆಟ್ಟಗೆ ಕೆಳಗೆ ನೋಡುತ್ತಿದೆ, ಫೋಟೋದ ಮೇಲ್ತುದಿ ಸರಿಯಾಗಿ ಉತ್ತರಕ್ಕಿದೆ ಅಂದುಕೊಳ್ಳಿ. ಆಗ ಸಮರೂಪ ತ್ರಿಭುಜ ಅಷ್ಟೇ:

ನೆಲದ ದೂರ = ಚಿತ್ರದ ದೂರ × (ಕ್ಯಾಮೆರಾದ ಎತ್ತರ − ನೆಲದ ಎತ್ತರ) ÷ ಫೋಕಲ್ ಲೆಂಗ್ತ್

ಕ್ಯಾಮೆರಾ ಇರುವ ಜಾಗ ಪೂರ್ವ 500 ಮೀ, ಉತ್ತರ 1200 ಮೀ, ಎತ್ತರ 1000 ಮೀ. ನೆಲದ ಎತ್ತರ 900 ಮೀ. ಆಗ ಪೂರ್ವಕ್ಕೆ 2.412 × 100 ÷ 8.8 = 27.41 ಮೀ. ಉತ್ತರಕ್ಕೆ 13.71 ಮೀ. ಬಿಂದುವಿನ ಜಾಗ ಪೂರ್ವ 527.41, ಉತ್ತರ 1213.71. ಒಂದು ಪಿಕ್ಸೆಲ್ ನೆಲದ ಮೇಲೆ 2.74 ಸೆಂಟಿಮೀಟರ್. ಡ್ರೋನ್ ಕೆಲಸ ಮಾಡುವವರು ಇದನ್ನೇ ಜಿಎಸ್‌ಡಿ ಅನ್ನುವುದು.

ಈಗ ಅದೇ ಬಿಂದು ಕೆರೆ ಅಂಗಳದಲ್ಲಿದೆ, ನೆಲದ ಎತ್ತರ 900 ಅಲ್ಲ, 890 ಅನ್ನಿ. ಪಿಕ್ಸೆಲ್ ಅದೇ, ಕ್ಯಾಮೆರಾ ಅದೇ. 100ರ ಜಾಗಕ್ಕೆ 110 ಹಾಕಿ. ಈಗ ಪೂರ್ವಕ್ಕೆ 30.15, ಉತ್ತರಕ್ಕೆ 15.08 ಮೀ. ಬಿಂದು 3 ಮೀಟರ್‌ಗೂ ಜಾಸ್ತಿ ಸರಿಯಿತು. 30×40 ಸೈಟಿನ ಅಗಲದಲ್ಲಿ ಮೂರನೇ ಒಂದು ಭಾಗ!

ಈ ಎರಡು ಉತ್ತರಗಳಲ್ಲಿ ಯಾವುದು ಸರಿ ಅಂತ ಫೋಟೋ ಹೇಳುವುದಿಲ್ಲ. ಹೇಳಲು ಅದಕ್ಕೆ ಸಾಧ್ಯವೇ ಇಲ್ಲ. ಒಂದು ಪಿಕ್ಸೆಲ್ ಅಂದರೆ ಕ್ಯಾಮೆರಾದಿಂದ ನೆಲದ ಕಡೆಗೆ ಹೊರಟ ಒಂದು ಗೆರೆ. ಗೆರೆ ಎಲ್ಲಿ ನಿಲ್ಲಬೇಕು ಅಂತ ಎತ್ತರವೇ ಹೇಳಬೇಕು. ಒಂದೇ ಫೋಟೋ ಇದ್ದರೆ ಎತ್ತರವನ್ನು ಹೊರಗಿನಿಂದ, ಅಂದರೆ ಎತ್ತರದ ನಕ್ಷೆಯಿಂದ ತರಬೇಕು.

ಮನೆಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. 6 ಮೀಟರ್ ಎತ್ತರದ ಮನೆ, ಡ್ರೋನ್ ನೆಲದಿಂದ 100 ಮೀಟರ್ ಮೇಲೆ, ಡ್ರೋನಿನ ನೇರ ಕೆಳಗಿನ ಜಾಗದಿಂದ ಮನೆ 30 ಮೀಟರ್ ದೂರ. ಮನೆಯ ಎತ್ತರ ಬಿಟ್ಟು ಬರೀ ನೆಲದ ಎತ್ತರದಲ್ಲಿ ನಕ್ಷೆ ಮಾಡಿದರೆ ತಾರಸಿಯ ಅಂಚು 30 × 6 ÷ 94, ಅಂದರೆ 1.9 ಮೀಟರ್ ಆಚೆಗೆ ವಾಲಿ ಕಾಣುತ್ತದೆ. ಪಕ್ಕದ ಮನೆಯವರ ಓಣಿಯೇ ಮಾಯವಾಗಬಹುದು. ಅದಕ್ಕೇ ಮನೆಯ ಗಡಿ ಗುರುತಿಸುವಾಗ ಈ ನಕ್ಷೆ ನೆಲದ ಎತ್ತರದಿಂದ ಆದದ್ದೋ, ಕಟ್ಟಡದ ಎತ್ತರವನ್ನೂ ಸೇರಿಸಿ ಆದದ್ದೋ ಅಂತ ಮೊದಲು ಕೇಳಬೇಕು. ಜನರ ಆಸ್ತಿಯ ಪ್ರಶ್ನೆ ಇದು, ಸುಮ್ನೆ ಬಿಡುವಂಥದ್ದಲ್ಲ.

ಹೆಜ್ಜೆ 3: ತಿರುವು ಸೇರಿಸಿ

ಡ್ರೋನ್ ಯಾವಾಗಲೂ ಉತ್ತರಕ್ಕೇ ಮುಖ ಮಾಡಿ ಹಾರುವುದಿಲ್ಲ, ಅಲ್ವಾ? ಕ್ಯಾಮೆರಾ ಮೂರು ಕೋನಗಳಲ್ಲಿ ತಿರುಗಬಹುದು. ಪಠ್ಯದಲ್ಲಿ ಅವುಗಳ ಹೆಸರು ಒಮೆಗಾ, ಫೈ, ಕಪ್ಪಾ. ಮೊದಲೆರಡು ವಾಲಿಕೆ, ಮೂರನೆಯದು ನೆಲಕ್ಕೆ ಲಂಬವಾದ ಅಕ್ಷದ ಸುತ್ತ ತಿರುವು.

ಬರೀ ಕಪ್ಪಾ 30 ಡಿಗ್ರಿ ಇದೆ ಅನ್ನಿ. ಆಗ:

ಪೂರ್ವ = 27.41 × ಕಾಸ್ 30° − 13.71 × ಸೈನ್ 30° = 16.88 ಮೀ
ಉತ್ತರ = 27.41 × ಸೈನ್ 30° + 13.71 × ಕಾಸ್ 30° = 25.58 ಮೀ

ಎಡವಟ್ಟು ಆಗುವುದು ಚಿಹ್ನೆಯಲ್ಲಿ. ಡ್ರೋನ್ ಕೊಡುವ ‘ಯಾ’ (yaw) ಕೋನ, ಅಂದರೆ ಅದು ಮುಖ ಮಾಡಿದ ದಿಕ್ಕು, ಉತ್ತರದಿಂದ ಗಡಿಯಾರದ ದಿಕ್ಕಿನಲ್ಲಿ ಹೋಗುತ್ತದೆ. ಕಪ್ಪಾ ಅದಕ್ಕೆ ವಿರುದ್ಧ ದಿಕ್ಕು. ಹಾಗಾಗಿ ಮೇಲಿನ 30 ಡಿಗ್ರಿ ಕಪ್ಪಾ ಅಂದರೆ ಡ್ರೋನಿನ ಲೆಕ್ಕದಲ್ಲಿ ಯಾ 330. ಗಿಂಬಲ್ (ಕ್ಯಾಮೆರಾ ಹಿಡಿದಿರುವ ತಿರುಗಣೆ) ಪಿಚ್ −90 ಅಂದರೆ ನೇರ ಕೆಳಗೆ, ಅಂದರೆ ಇಲ್ಲಿ ವಾಲಿಕೆ ಸೊನ್ನೆ. ಈ ಕೋನಗಳನ್ನು ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಬದಲಿಸುವಾಗ ಒಂದು ಫೋಟೋವನ್ನಾದರೂ ಕೈಯಲ್ಲಿ ಪರೀಕ್ಷಿಸಿ. ವಾಲಿಕೆ ಕಡಿಮೆ ಅಂತ ಬಿಡಬೇಡಿ: 100 ಮೀಟರ್ ಎತ್ತರದಲ್ಲಿ 1 ಡಿಗ್ರಿ ವಾಲಿದರೆ ನೆಲದ ಮೇಲೆ 1.75 ಮೀಟರ್.

ಹೆಜ್ಜೆ 4: ಎಲ್ಲ ಸೇರಿಸಿದರೆ ಕೊಲಿನಿಯಾರಿಟಿ

ನೆಲದ ಬಿಂದು, ಲೆನ್ಸಿನ ನಡುಬಿಂದು, ಸೆನ್ಸರಿನ ಮೇಲಿನ ಚಿತ್ರಬಿಂದು. ಗಾರೆ ಕೆಲಸದವರು ಗೋಡೆಯ ಈ ತುದಿಯಿಂದ ಆ ತುದಿಗೆ ದಾರ ಎಳೆದು ಬಿಗಿಮಾಡುವ ಹಾಗೆ ಈ ಮೂರೂ ಒಂದೇ ಗೆರೆಯಲ್ಲಿ ಇರಬೇಕು. ಕೊಲಿನಿಯಾರಿಟಿ ಅಂದರೆ ಇಷ್ಟೇ. ಲೆಕ್ಕಕ್ಕೆ ಹೀಗೆ ಬರೆಯಿರಿ:

ಮೊದಲು, ನೆಲದ ಬಿಂದುವಿನ ಪೂರ್ವ, ಉತ್ತರ, ಎತ್ತರಗಳಿಂದ ಕ್ಯಾಮೆರಾದ ಪೂರ್ವ, ಉತ್ತರ, ಎತ್ತರಗಳನ್ನು ಕಳೆಯಿರಿ.

ನಂತರ, ಆ ಮೂರು ಸಂಖ್ಯೆಗಳನ್ನು ಒಮೆಗಾ, ಫೈ, ಕಪ್ಪಾಗಳಿಂದ ಮಾಡಿದ 3 × 3 ಮ್ಯಾಟ್ರಿಕ್ಸ್‌ನಿಂದ ಗುಣಿಸಿ. ಬರುವ ಮೂರು ಸಂಖ್ಯೆಗಳನ್ನು ಅ, ಆ, ಇ ಅನ್ನೋಣ.

ಕೊನೆಗೆ:

ಚಿತ್ರದ ಅಡ್ಡ ದೂರ = − ಫೋಕಲ್ ಲೆಂಗ್ತ್ × ಅ ÷ ಇ
ಚಿತ್ರದ ಉದ್ದ ದೂರ = − ಫೋಕಲ್ ಲೆಂಗ್ತ್ × ಆ ÷ ಇ

ಹೆಜ್ಜೆ 2ರ ಸಂಖ್ಯೆಗಳನ್ನು ಹಾಕಿ ನೋಡಿ. ತಿರುವು ಸೊನ್ನೆ ಇದ್ದಾಗ ಅ = 27.41, ಆ = 13.71, ಇ = −100. ಬರುವುದು 2.412 ಮತ್ತು 1.206 ಮಿಮೀ. ಶುರು ಮಾಡಿದ ಜಾಗಕ್ಕೇ ವಾಪಸ್ ಬಂದೆವು.

ಕ್ಯಾಮೆರಾದ ಜಾಗ 3 ಸಂಖ್ಯೆ, ತಿರುವು 3 ಸಂಖ್ಯೆ, ಒಟ್ಟು 6. ಇದು ಎಕ್ಸ್‌ಟೀರಿಯರ್ ಓರಿಯೆಂಟೇಶನ್. ನೆಲದ ಮೇಲೆ ಗುರುತು ಹಾಕಿ ಅಳೆದ ಒಂದೊಂದು ಜಿಸಿಪಿಯೂ (ಗ್ರೌಂಡ್ ಕಂಟ್ರೋಲ್ ಪಾಯಿಂಟ್) 2 ಸಮೀಕರಣ ಕೊಡುತ್ತದೆ. ಹಾಗಾಗಿ 3 ಜಿಸಿಪಿ ಇದ್ದರೆ ಆ 6 ಸಂಖ್ಯೆ ಹುಡುಕಬಹುದು. ಇದಕ್ಕೆ ರಿಸೆಕ್ಷನ್ ಅಂತ ಹೆಸರು. ಭಾಗಾಕಾರ, ಸೈನ್, ಕಾಸ್ ಎಲ್ಲ ಇರುವುದರಿಂದ ನೇರವಾಗಿ ಬಿಡಿಸುವುದು ಕಷ್ಟ. ಅಂದಾಜು ಬೆಲೆ ಕೊಟ್ಟು, ಎಷ್ಟು ತಪ್ಪಿದೆ ನೋಡಿ, ತಿದ್ದಿ, ಮತ್ತೆ ಲೆಕ್ಕ ಹಾಕಬೇಕು. ಡ್ರೋನಿನ ಜಿಪಿಎಸ್ ಕೊಡುವ ಜಾಗ ಅಂದಾಜಿಗೆ ಸಾಕಾಗುತ್ತದೆ.

ಎತ್ತರದ ಪ್ರಶ್ನೆಗೆ ಉತ್ತರ ಇಲ್ಲಿ ಸಿಗುತ್ತದೆ. ಒಂದೇ ಬಿಂದು ಎರಡು ಫೋಟೋದಲ್ಲಿ ಕಂಡರೆ 4 ಸಮೀಕರಣ. ಹುಡುಕಬೇಕಾದ್ದು ಪೂರ್ವ, ಉತ್ತರ, ಎತ್ತರ, ಮೂರೇ. ಎರಡು ಗೆರೆಗಳು ಒಂದನ್ನೊಂದು ಕತ್ತರಿಸುವ ಜಾಗವೇ ಬಿಂದು. ಎಲ್ಲ ಫೋಟೋ, ಎಲ್ಲ ಬಿಂದು, ಬೇಕಿದ್ದರೆ ಕ್ಯಾಮೆರಾದ ಒಳಗಿನ ಅಳತೆಗಳನ್ನೂ ಒಟ್ಟಿಗೆ ಬಿಡಿಸಿದರೆ ಅದು ಬಂಡಲ್ ಅಡ್ಜಸ್ಟ್‌ಮೆಂಟ್. 200 ಫೋಟೋ ಇದ್ದರೆ ಕ್ಯಾಮೆರಾಗಳದ್ದೇ 1200 ಅಜ್ಞಾತಗಳು. ನೀವು ಸಾಫ್ಟ್‌ವೇರಿನಲ್ಲಿ ಅಲೈನ್ ಬಟನ್ ಒತ್ತಿದಾಗ ಕಂಪ್ಯೂಟರ್ ಅಷ್ಟು ಹೊತ್ತು ಒದ್ದಾಡುವುದು ಇದಕ್ಕೇ.

ಎತ್ತರ ಎಷ್ಟು ಚೆನ್ನಾಗಿ ಬರುತ್ತದೆ ಅನ್ನುವುದನ್ನು ಹಾರುವ ಮೊದಲೇ ಲೆಕ್ಕ ಹಾಕಬಹುದು. ಈ ಕ್ಯಾಮೆರಾ 100 ಮೀಟರ್ ಮೇಲಿಂದ ಹಾರುವ ದಿಕ್ಕಿನಲ್ಲಿ 100 ಮೀಟರ್ ನೆಲ ನೋಡುತ್ತದೆ. 80 ಶೇಕಡಾ ಓವರ್‌ಲ್ಯಾಪ್ (ಎರಡು ಫೋಟೋಗಳಲ್ಲೂ ಕಾಣುವ ಭಾಗ) ಇಟ್ಟರೆ ಪಕ್ಕಪಕ್ಕದ ಎರಡು ಫೋಟೋಗಳ ನಡುವೆ 20 ಮೀಟರ್. ಎತ್ತರದ ತಪ್ಪು = ಅಳತೆಯ ತಪ್ಪು × ಜಿಎಸ್‌ಡಿ × ಹಾರುವ ಎತ್ತರ ÷ ಫೋಟೋಗಳ ನಡುವಿನ ದೂರ. ಅರ್ಧ ಪಿಕ್ಸೆಲ್ ತಪ್ಪಿದರೆ 0.5 × 2.74 × 100 ÷ 20, ಅಂದರೆ ಸುಮಾರು 6.9 ಸೆಂಟಿಮೀಟರ್. 40 ಮೀಟರ್ ದೂರದ ಜೋಡಿಯಾದರೆ ಅದು 3.4ಕ್ಕೆ ಇಳಿಯುತ್ತದೆ. ಓವರ್‌ಲ್ಯಾಪ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವ ಮಾತು ಪೂರ್ತಿ ನಿಜವಲ್ಲ. ಬಿಂದುಗಳನ್ನು ಹೊಂದಿಸಲು ಓವರ್‌ಲ್ಯಾಪ್ ಬೇಕು, ಎತ್ತರಕ್ಕೆ ಅಗಲವಾದ ಜೋಡಿಗಳೂ ಬೇಕು.

ಇನ್ನೊಂದು ತೊಂದರೆ ಇದೆ. ಸಮತಟ್ಟಾದ ಹೊಲದ ಮೇಲೆ, ಒಂದೇ ಎತ್ತರದಲ್ಲಿ, ನೇರ ಕೆಳಗೆ ನೋಡುತ್ತಾ ಹಾರಿದಿರಿ ಅನ್ನಿ. ಆಗ ಡ್ರೋನ್ ಸ್ವಲ್ಪ ಮೇಲಿತ್ತೋ, ಫೋಕಲ್ ಲೆಂಗ್ತ್ ಸ್ವಲ್ಪ ಕಡಿಮೆಯೋ ಅಂತ ಸಮೀಕರಣಕ್ಕೆ ಗೊತ್ತಾಗುವುದಿಲ್ಲ. ಎರಡಕ್ಕೂ ಚಿತ್ರ ಒಂದೇ ಥರ. ಲೆನ್ಸಿನ ಬಾಗಿನಲ್ಲಿ ಉಳಿದ ಸಣ್ಣ ತಪ್ಪು ಸೇರಿದರೆ ಚಪ್ಪಟೆ ಹೊಲ ಗುಮ್ಮಟದ ಹಾಗೋ ಬೋಗುಣಿಯ ಹಾಗೋ ಬರುತ್ತದೆ. ಇದಕ್ಕೆ ಮದ್ದು ಎರಡು. ಕ್ಯಾಮೆರಾ ಓರೆ ಮಾಡಿ ಒಂದಷ್ಟು ಫೋಟೋ ತೆಗೆಯಿರಿ. ಜಿಸಿಪಿಗಳನ್ನು ಅಂಚಿನಲ್ಲಿ ಮಾತ್ರ ಇಡದೆ ನಡುವೆಯೂ ಇಡಿ.

ಹೆಜ್ಜೆ 5: ಬೇರೆ ಮಾದರಿ ಯಾವಾಗ?

ಬಿಂದುಗಳೆಲ್ಲ ಒಂದೇ ಸಮತಲದಲ್ಲಿದ್ದರೆ ಕೆಲಸ ಸುಲಭ. ಎತ್ತರ ಎಲ್ಲ ಕಡೆ ಒಂದೇ ಅಂತ ಮೊದಲೇ ಒಪ್ಪಿಕೊಂಡ ಹಾಗೆ. 8 ಗುಣಾಂಕಗಳ ಪ್ರೊಜೆಕ್ಟಿವ್ ಮಾದರಿ ಸಾಕು. ಯಾವ ಮೂರೂ ಒಂದೇ ಗೆರೆಯಲ್ಲಿರದ 4 ಬಿಂದು ಅಳೆದರೆ ಆಯಿತು. ಕ್ಯಾಮೆರಾದ ವಿವರವೂ ಬೇಡ, ಅದು ನಿಂತ ಜಾಗವೂ ಬೇಡ.

ಹಂಪಿಯ ಹಜಾರರಾಮ ದೇವಸ್ಥಾನದ ಪ್ರಾಕಾರದ ಗೋಡೆ ಇದಕ್ಕೆ ಒಪ್ಪುತ್ತದೆ. ಆನೆ ಕುದುರೆಗಳ ಸಾಲು ಸಾಲು ಕೆತ್ತನೆ ಇದ್ದರೂ ಗೋಡೆ ಹೆಚ್ಚು ಕಡಿಮೆ ಚಪ್ಪಟೆ. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಮೂಲೆ ಮೂಲೆಯಾಗಿ ಮುಂದೆ ಹಿಂದೆ ಹೋಗುವ ಗೋಡೆಗೆ ಇದೇ ಮಾದರಿ ಹಾಕಿದರೆ ಕೆಡುತ್ತದೆ. 5 ಮೀಟರ್ ದೂರದಿಂದ ತೆಗೆದ ಫೋಟೋದಲ್ಲಿ, ನಡುವಿನಿಂದ 3 ಮೀಟರ್ ಪಕ್ಕಕ್ಕಿರುವ ಶಿಲ್ಪ ಗೋಡೆಯಿಂದ 10 ಸೆಂಟಿಮೀಟರ್ ಮುಂದೆ ಬಂದಿದ್ದರೆ ಅಳತೆ 6 ಸೆಂಟಿಮೀಟರ್ ತಪ್ಪುತ್ತದೆ. ಅಂಥ ಕಡೆ ಹತ್ತಾರು ಫೋಟೋ ತೆಗೆದು ಬಂಡಲ್ ಅಡ್ಜಸ್ಟ್‌ಮೆಂಟ್‌ಗೇ ಹೋಗಿ.

ಹಳೆಯ ಫೋಟೋ ಇದೆ, ಯಾವ ಕ್ಯಾಮೆರಾ ಅಂತಲೇ ಗೊತ್ತಿಲ್ಲ ಅಂದಾಗ ಡಿಎಲ್‌ಟಿ (ಡೈರೆಕ್ಟ್ ಲೀನಿಯರ್ ಟ್ರಾನ್ಸ್‌ಫರ್ಮೇಶನ್) ಕೈ ಹಿಡಿಯುತ್ತದೆ. ಅಬ್ದೆಲ್ ಅಜೀಜ್ ಮತ್ತು ಕರಾರಾ 1971ರಲ್ಲಿ ಕೊಟ್ಟ ಮಾದರಿ ಇದು. ಕೊಲಿನಿಯಾರಿಟಿಯನ್ನೇ ಹರಡಿ 11 ಗುಣಾಂಕ ಮಾಡಿದ್ದಾರೆ. ಅಂದಾಜು ಬೆಲೆ ಬೇಡ, ನೇರವಾಗಿ ಬಿಡಿಸಬಹುದು. ಕನಿಷ್ಠ 6 ಬಿಂದು ಬೇಕು, ಅವು ಒಂದೇ ಸಮತಲದಲ್ಲಿ ಇರಬಾರದು. ನೆಲದ ಮೇಲಿನ ಆರು ಬಿಂದು ತೆಗೆದುಕೊಂಡರೆ ಲೆಕ್ಕ ಕುಸಿಯುತ್ತದೆ. ಕಟ್ಟಡದ ಮೇಲೆ ಕೆಳಗೆ, ಮುಂದೆ ಹಿಂದೆ ಬಿಂದುಗಳು ಹರಡಿರಲಿ. ಅವುಗಳ ನಡುವಿನ ಜಾಗ ಬಿಟ್ಟು ಹೊರಗೆ ಹೋದರೆ ಈ ಮಾದರಿಯನ್ನು ನಂಬಬೇಡಿ.

ಹೆಜ್ಜೆ 6: ಉಪಗ್ರಹದ ಚಿತ್ರ ಬಂದರೆ

2005ರ ಮೇ 5ರಂದು ಶ್ರೀಹರಿಕೋಟಾದಿಂದ ಹಾರಿದ ಕಾರ್ಟೊಸ್ಯಾಟ್-1 ಎರಡು ಕ್ಯಾಮೆರಾ ಹೊತ್ತಿತ್ತು. ಒಂದು 26 ಡಿಗ್ರಿ ಮುಂದೆ, ಇನ್ನೊಂದು 5 ಡಿಗ್ರಿ ಹಿಂದೆ ನೋಡುತ್ತಿತ್ತು. ಪಿಕ್ಸೆಲ್ 2.5 ಮೀಟರ್. ಎತ್ತರ ಅಳೆಯುವುದಕ್ಕೆ ಅಂತಲೇ ಮಾಡಿದ ಜೋಡಿ ಅದು. ಈ ಕ್ಯಾಮೆರಾಗಳು ಪೂರ್ತಿ ಫೋಟೋವನ್ನು ಒಮ್ಮೆಲೇ ತೆಗೆಯುವುದಿಲ್ಲ. ಉಪಗ್ರಹ ಮುಂದೆ ಹೋದ ಹಾಗೆ ಒಂದೊಂದೇ ಸಾಲು ಸೇರುತ್ತದೆ. ಅಂದರೆ ಪ್ರತಿ ಸಾಲಿಗೂ ಬೇರೆಯೇ ಎಕ್ಸ್‌ಟೀರಿಯರ್ ಓರಿಯೆಂಟೇಶನ್.

ಅದನ್ನೆಲ್ಲ ಬಳಕೆದಾರರೇ ಲೆಕ್ಕ ಹಾಕುವುದು ಕಷ್ಟ ಅಂತ ಚಿತ್ರದ ಜೊತೆ ಆರ್‌ಪಿಸಿ (ರ್ಯಾಷನಲ್ ಪಾಲಿನೋಮಿಯಲ್ ಕೋಎಫಿಶಿಯೆಂಟ್ಸ್) ಫೈಲ್ ಕೊಡುತ್ತಾರೆ. ಅದರಲ್ಲಿ ಸಾಲು ಮತ್ತು ಕಾಲಂ ಎರಡಕ್ಕೂ ಒಂದು ಭಿನ್ನರಾಶಿ. ಮೇಲೆ 20, ಕೆಳಗೆ 20 ಗುಣಾಂಕ, ಒಟ್ಟು 80. ಅಕ್ಷಾಂಶ, ರೇಖಾಂಶ, ಎತ್ತರಗಳನ್ನು −1ರಿಂದ 1ರೊಳಗೆ ತಂದು ಈ ಭಿನ್ನರಾಶಿಗೆ ಹಾಕಬೇಕು. ಹಾಗೆ ತರಲು ಬೇಕಾದ 10 ಸಂಖ್ಯೆಗಳೂ ಅದೇ ಫೈಲಿನಲ್ಲಿರುತ್ತವೆ.

ಇಲ್ಲಿ ಹಾಕಬೇಕಾದ ಎತ್ತರ ಸಾಮಾನ್ಯವಾಗಿ ಸಮುದ್ರ ಮಟ್ಟದಿಂದ ಅಳೆದದ್ದಲ್ಲ, ಎಲಿಪ್ಸಾಯ್ಡ್ ಎತ್ತರ, ಅಂದರೆ ಭೂಮಿಯ ಆಕಾರಕ್ಕೆ ಹೊಂದಿಸಿದ ಗಣಿತದ ನುಣುಪು ಮೇಲ್ಮೈಯಿಂದ ಅಳೆದದ್ದು. ದಕ್ಷಿಣ ಭಾರತದಲ್ಲಿ ಈ ಎರಡರ ನಡುವಿನ ಅಂತರ ತುಂಬ ದೊಡ್ಡದು. ಬೆಂಗಳೂರಿನ ಸುತ್ತ ಸುಮಾರು 86 ಮೀಟರ್. ಸಮುದ್ರ ಮಟ್ಟದಿಂದ 920 ಮೀಟರ್ ಇರುವ ಜಾಗದ ಎಲಿಪ್ಸಾಯ್ಡ್ ಎತ್ತರ ಸುಮಾರು 834. ತಪ್ಪಿ 920 ಹಾಕಿದರೆ ಮುಂದೆ ನೋಡುವ ಕ್ಯಾಮೆರಾದ ಚಿತ್ರದಲ್ಲಿ ಬಿಂದು 40 ಮೀಟರ್‌ಗೂ ಜಾಸ್ತಿ, ಅಂದರೆ 16 ಪಿಕ್ಸೆಲ್‌ಗೂ ಜಾಸ್ತಿ ಸರಿಯುತ್ತದೆ. ಹಿಂದೆ ನೋಡುವ ಕ್ಯಾಮೆರಾದಲ್ಲಿ 7–8 ಮೀಟರ್. ಡ್ರೋನ್ ಕೆಲಸದಲ್ಲೂ ಅಷ್ಟೇ: ಜಿಪಿಎಸ್ ಎತ್ತರ ಯಾವುದು, ಬೆಂಚ್‌ಮಾರ್ಕಿನ (ಸಮುದ್ರ ಮಟ್ಟದಿಂದ ಎತ್ತರ ಗೊತ್ತಿರುವ ಗುರುತು) ಎತ್ತರ ಯಾವುದು ಅಂತ ಫೈಲಿನಲ್ಲೇ ಬರೆದಿಡಿ.

ಆರ್‌ಪಿಸಿಯಲ್ಲೇ ಸ್ವಲ್ಪ ಜರುಗು ಇರುತ್ತದೆ. ಒಂದು ಒಳ್ಳೆಯ ಜಿಸಿಪಿ ಇದ್ದರೆ ಸಾಲು, ಕಾಲಂ ಎರಡನ್ನೂ ಅಷ್ಟಷ್ಟೇ ಸರಿಸಬಹುದು. ಮೂರಕ್ಕಿಂತ ಜಾಸ್ತಿ ಇದ್ದರೆ 6 ಗುಣಾಂಕಗಳ ಅಫೈನ್ ತಿದ್ದುಪಡಿ (ಸರಿಸುವುದರ ಜೊತೆ ತಿರುಗಿಸುವುದು, ಹಿಗ್ಗಿಸುವುದು, ಓರೆ ಮಾಡುವುದು) ಮಾಡಿ. 80 ಗುಣಾಂಕಗಳನ್ನು ನೀವೇ ಜಿಸಿಪಿಯಿಂದ ಹೊಸದಾಗಿ ಹುಡುಕಲು ಹೋಗಬೇಡಿ.

ಹೆಜ್ಜೆ 7: ನೆಲದ ನಿರ್ದೇಶಾಂಕ ಯಾವ ವಲಯದ್ದು?

ಕೊಲಿನಿಯಾರಿಟಿಗೆ ನೇರ ಗೆರೆಗಳ, ಬಾಗಿಲ್ಲದ ಜಗತ್ತು ಬೇಕು. ನಾವು ಕೊಡುವುದು ಯುಟಿಎಂ ನಕ್ಷೆಯ ಸಂಖ್ಯೆ. ಯುಟಿಎಂ ಅಂದರೆ ಬಾಗಿದ ಭೂಮಿಯನ್ನು 6 ಡಿಗ್ರಿ ಅಗಲದ ವಲಯಗಳಾಗಿ ಹಂಚಿ ಚಪ್ಪಟೆ ಮಾಡಿದ ನಕ್ಷೆ. ಎರಡು ವಲಯಗಳ ಗಡಿಯಾದ 78 ಡಿಗ್ರಿ ಪೂರ್ವ ರೇಖಾಂಶ ಕರ್ನಾಟಕದ ಪೂರ್ವದ ಅಂಚಿನಲ್ಲಿ ಹಾದುಹೋಗುತ್ತದೆ. ಬೆಂಗಳೂರು 43ನೇ ವಲಯ, ಕೋಲಾರ ಪಟ್ಟಣ 44. ಎರಡೂ ಕಡೆ ಸೇರುವ ಕೆಲಸ ಬಂದರೆ ಮೊದಲೇ ಒಂದು ವಲಯ ಗೊತ್ತುಮಾಡಿಕೊಳ್ಳಿ. ಹುಬ್ಬಳ್ಳಿ ಹತ್ತಿರ, 75 ಡಿಗ್ರಿ ರೇಖಾಂಶದ ಬಳಿ, ಯುಟಿಎಂ ಅಳತೆ ನೆಲದ ಅಳತೆಗಿಂತ ಕಿಲೋಮೀಟರಿಗೆ ಕನಿಷ್ಠ 40 ಸೆಂಟಿಮೀಟರ್ ಕಡಿಮೆ. ಟೇಪು ಅಥವಾ ಟೋಟಲ್ ಸ್ಟೇಶನ್ ಅಳತೆ ಜೊತೆ ಹೋಲಿಸುವಾಗ ಇದು ಕಣ್ಣಿಗೆ ಬೀಳುತ್ತದೆ.

ಹೆಜ್ಜೆ 8: ಪರೀಕ್ಷೆ

4 ಬಿಂದು ಕೊಟ್ಟು 8 ಗುಣಾಂಕ ಹುಡುಕಿದರೆ ಉಳಿಕೆ ತಪ್ಪು (ಕೊಟ್ಟ ಬಿಂದುವಿಗೂ ಮಾದರಿ ಹೇಳುವ ಜಾಗಕ್ಕೂ ಇರುವ ವ್ಯತ್ಯಾಸ) ಯಾವಾಗಲೂ ಸೊನ್ನೆ. ಬಿಂದುಗಳನ್ನು ತಪ್ಪಾಗಿ ಅಳೆದಿದ್ದರೂ ಸೊನ್ನೆ. 6 ಬಿಂದು ಕೊಟ್ಟ ಡಿಎಲ್‌ಟಿಯಲ್ಲಿ 12 ಸಮೀಕರಣ, 11 ಅಜ್ಞಾತ, ಅಲ್ಲೂ ತಪ್ಪು ಅಡಗಿಕೊಳ್ಳುತ್ತದೆ. ಸಾಫ್ಟ್‌ವೇರ್ ವರದಿಯಲ್ಲಿ ಜಿಸಿಪಿಗಳ ಮುಂದೆ ಕಾಣುವ ಚಿಕ್ಕ ಸಂಖ್ಯೆ ನೋಡಿ ಸಮಾಧಾನ ಪಡಬೇಡಿ.

ಅಳೆದ ಬಿಂದುಗಳಲ್ಲಿ ಕೆಲವನ್ನು ಲೆಕ್ಕಕ್ಕೆ ಕೊಡದೆ ಬಚ್ಚಿಡಿ. ಇವು ಚೆಕ್ ಪಾಯಿಂಟ್. ಕೊನೆಯಲ್ಲಿ ಮಾದರಿ ಹೇಳುವ ಜಾಗ ಮತ್ತು ನೀವು ಅಳೆದ ಜಾಗದ ವ್ಯತ್ಯಾಸ ತೆಗೆಯಿರಿ. ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ಹಾಕಿ. ಪೂರ್ವ, ಉತ್ತರ, ಎತ್ತರ ಮೂರಕ್ಕೂ ಬೇರೆ ಬೇರೆಯಾಗಿ ಮಾಡಿ.

ಆಮೇಲೆ ಆ ವ್ಯತ್ಯಾಸಗಳನ್ನು ಚಿಹ್ನೆ ಸಮೇತ ನಕ್ಷೆಯ ಮೇಲೆ ಬರೆಯಿರಿ. ಎಲ್ಲ ಕಡೆ ಎತ್ತರ ಒಂದೇ ದಿಕ್ಕಿಗೆ 86 ಮೀಟರ್‌ನಷ್ಟು ತಪ್ಪಿದ್ದರೆ ಎಲಿಪ್ಸಾಯ್ಡ್ ಗೊಂದಲ. ನಡುವೆ ಧನ, ಅಂಚಿನಲ್ಲಿ ಋಣ ಬಂದರೆ ಗುಮ್ಮಟ, ಫೋಕಲ್ ಲೆಂಗ್ತ್ ಮತ್ತು ಲೆನ್ಸಿನ ಬಾಗನ್ನು ನೋಡಿ. ಗುಡ್ಡದ ಮೇಲಿನ, ಹಳ್ಳದಲ್ಲಿರುವ ಬಿಂದುಗಳು ಮಾತ್ರ ಪಕ್ಕಕ್ಕೆ ಸರಿದಿದ್ದರೆ ನೀವು ಬಳಸಿದ ಎತ್ತರದ ನಕ್ಷೆ ಒರಟಾಗಿದೆ. ಒಂದೇ ಒಂದು ಬಿಂದು ಜಾಸ್ತಿ ತಪ್ಪಿದ್ದರೆ, ಅದನ್ನು ತೆಗೆದುಹಾಕುವ ಮೊದಲು ಆ ಗುರುತಿನ ಫೋಟೋವನ್ನು ಇನ್ನೊಮ್ಮೆ ದೊಡ್ಡದು ಮಾಡಿ ನೋಡಿ, ಬೇಕಾದರೆ ಸ್ಥಳಕ್ಕೇ ಹೋಗಿ ಮತ್ತೆ ಅಳೆಯಿರಿ.